ಪರಸಪ್ಪನ ಸ್ಲೈಡು

ಉಳವಪ್ಪನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹಿಂದಿನ ಸಂಜೆಯೇ ಬಸ್ಸು ಹತ್ತಿದ್ದರು. ಬೆಳಗ್ಗೆ ಹಾಲಿನವಳು ಎಂದಿನಂತೆ ಬಂದಳು, ನೀಲಕ್ಕ ಎಂದಿನಂತೆ ಪಾತ್ರೆ ಹಿಡಿದಳು. ಗಂಡನ ಪಾಲಿನ ಹಾಲನ್ನು ಬೇಡವೆನ್ನಲು ನಾಲಿಗೆ ಏಳದೆ ಅಷ್ಟೂ ಹಾಕಿಸಿಕೊಂಡಳು.

ಪಾತ್ರೆ ಒಳಗಿಟ್ಟು ಬರುವಷ್ಟರಲ್ಲಿ ಫಟಫಟಿ ಮೋಟರ್ ಸೈಕಲ್ ರಿಪೇರಿಯ ಪರಸಪ್ಪ ಬಾಗಿಲಲ್ಲಿ ನಿಂತಿದ್ದ. ಟೊಪ್ಪಿಗೆ ಕೈಯಲ್ಲಿತ್ತು.

"ಬಾಯಾರ, ಇಂಥಾ ಹೊತ್ತಿನ್ಯಾಗ ಕೇಳಬಾರದು. ಅಣ್ಣಾರ ಗಾಡ್ಯಾಗ ನಂದೊಂದು ಸ್ಲೈಡ್ ಐತ್ರಿ. ಅವರದು ಹುಬ್ಬಳ್ಳಿಗೆ ನಿಕಲ್ ಲೇಪಕ್ಕ ಹೋಗೇತಿ. ಅದು ಬರೂತನಕ ಇದನ್ನ ಕಡಾ ಕೊಟ್ಟಿದ್ದೆ."

"ಅದಕ್ಕ ಈಗ ಬಂದೀರಿ?"

"ಫಾರೆಸ್ಟ್ ರೇಂಜ್ ಸಾಹೇಬರ ಗಾಡಿ ಅಂಗಡಿಗೆ ಬಂದು ಕುಂತೈತ್ರಿ, ಅದಕ್ಕ ಹಾಕಬೇಕು." ಹೇಳುವಾಗ ಅವನ ಕಣ್ಣು ಅವಳ ಮೇಲಿರಲಿಲ್ಲ. ಅಂಗಳದ ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತ ಮುರುಕು ಗಾಡಿಯ ಮೇಲಿತ್ತು. "ಒಂದು ಘಳಿಗಿ ಕೆಲಸ. ನಾನ ಬಿಚ್ಚಿಕೊಂಡು ಹೋಗ್ತೇನಿ."

"ಬ್ಯಾಡ. ನಾ ಬಿಚ್ಚಿ ಕೊಡ್ತೇನಿ."

ಅವನು ಬೆವರಿದ. ಅಷ್ಟು ಬೆಳಗ್ಗೆ ಬೆವರುವಂಥ ಬಿಸಿಲೇನೂ ಇರಲಿಲ್ಲ.

ಅವಳ ಗಂಡ ಉಳವಪ್ಪ ದಾಂಡೇಲಿಯ ಬಿದಿರು ಡಿಪೋದಲ್ಲಿ ಕೆಲಸಕ್ಕಿದ್ದ. ಹಳಿಯಾಳದಿಂದ ದಿನವೂ ಫಟಫಟಿಯ ಮೇಲೆ ಹೋಗಿಬರುತ್ತಿದ್ದ. ದಸರೆ ಮುಗಿದ ವಾರ ಯಾವುದೋ ಕೆಲಸಕ್ಕೆಂದು ತೇರಗಾಂವಕ್ಕೆ ಹೊರಟವನು ದಾರಿಯ ತಿರುವಿನಲ್ಲಿ ಮತ್ತಿಮರಕ್ಕೆ ಹೋಗಿ ಬಡಿದ. ನೋಡಿದ್ದು ಒಬ್ಬ ಚಕ್ಕಡಿಯವನು. 'ಕೈ ಸಡ್ಲ ಬಿಟ್ರೂ ಗಾಡಿ ಒದರೂದು ನಿಲ್ಲಲಿಲ್ರಿ' ಎಂದು ಅವನು ಕಂಡಕಂಡವರಿಗೆ ಹೇಳಿದ್ದ.

ಆ ಮಾತು ನೀಲಕ್ಕನ ತಲೆಯಲ್ಲಿ ಕೂತುಬಿಟ್ಟಿತ್ತು. ಕಾರ್ಬೊರೇಟರಿನೊಳಗಿನ ಸ್ಲೈಡೆಂದರೆ ಹೆಬ್ಬೆರಳಿಗಿಂತ ತುಸು ದಪ್ಪನೆಯ ಹಿತ್ತಾಳೆಯ ಬಟ್ಟಲು. ಹಿಡಿಕೆ ತಿರುವಿದರೆ ತಂತಿ ಅದನ್ನು ಮೇಲೆಳೆಯುತ್ತದೆ, ಬಿಟ್ಟರೆ ಸ್ಪ್ರಿಂಗು ಕೆಳಕ್ಕೆ ತಳ್ಳುತ್ತದೆ. ನುಣ್ಣಗೆ ಜಾರಲೆಂದೇ ಅದರ ಮೈಗೆ ನಿಕಲ್ ಲೇಪ. ಮೇಲೆ ಹೋದದ್ದು ಅಲ್ಲೇ ಕಚ್ಚಿಕೊಂಡರೆ ಹಿಡಿಕೆ ಬಿಟ್ಟರೂ ಗಾಡಿ ಓಡುತ್ತಲೇ ಇರುತ್ತದೆ.

ಮೈದುನ ಅಂದಾನೆಪ್ಪ ಪರಸಪ್ಪ ಹೋಗುವುದನ್ನೇ ಕಾಯುತ್ತಿದ್ದ. "ನೋಡಿದ್ರಿ ವೈನಿ? ಸವದದ್ದು ಹಾಕ್ಯಾನ, ಈಗ ಮುಚ್ಚಾಕ ಬಂದಾನ ಮಗಾ. ಪೊಲೀಸ್ ಫೌಜದಾರಗ ಅರ್ಜಿ ಕೊಡೂಣು. ನಮ್ಮಂಥಾವರ ಮಾತು ಯಾರು ಕೇಳ್ತಾರ? ನೀವು ಬಿಎಸ್ಸಿ ಕಲತಾಕಿ. ನೀವು ಹ್ಞೂಂ ಅಂದ್ರ ಅಂವಾ ಒಳಗ ಹೋಗ್ತಾನ."

"ನೋಡಿ ಹೇಳ್ತೇನಿ."

ಆದರೆ ಅವಳ ಮನಸ್ಸು ಆಗಲೇ ಹ್ಞೂಂ ಅಂದಿತ್ತು. ಯಾರನ್ನಾದರೂ ಹಿಡಿದು ನಿಲ್ಲಿಸಬೇಕಿತ್ತು. ಅಳು ಬರದ ಮೇಲೆ ಉಳಿದದ್ದು ಅದೊಂದೇ ಕೆಲಸ.

ಗಾಡಿಯ ಬಳಿ ಹೋಗಿ ಕಾರ್ಬೊರೇಟರಿನ ತಂತಿ ಹಿಡಿದು ಎಳೆದಳು. ಸ್ಲೈಡು ಮೇಲೆ ಬಂತು. ಬಿಟ್ಟಳು. ಇಳಿಯಲಿಲ್ಲ. ಅರ್ಧಕ್ಕೇ ನಿಂತಿತು. ಇನ್ನೊಮ್ಮೆ ಹಾಗೇ ಮಾಡಿದಳು. ಆಗಲೂ ನಿಂತಿತು. ಮುಚ್ಚಳ ಬಿಚ್ಚಿ ಅದನ್ನು ಕಿತ್ತು ತಂದು ಕಟ್ಟೆಯ ಮೇಲೆ ಬಿಳಿ ಅರಿವೆ ಹಾಸಿ ಇಟ್ಟಳು.

ಲೇಪ ಒಂದು ಮಗ್ಗುಲಲ್ಲಿ ಮಾತ್ರ ಉಳಿದಿತ್ತು. ಉಳಿದದ್ದೆಲ್ಲ ಹಳದಿ ಹಿತ್ತಾಳೆ. ಅಂಚಿನಲ್ಲಿ ನಿಕಲ್ ಉಳ್ಳಾಗಡ್ಡಿ ಸಿಪ್ಪೆಯಂತೆ ಎದ್ದಿತ್ತು. ಧಾರವಾಡದ ಕಾಲೇಜಿನಲ್ಲಿ ಹಿತ್ತಾಳೆಯ ಪಟ್ಟಿಗೆ ನಿಕಲ್ ಏರಿಸಿದ್ದ ಕೈ ಅವಳದು, ಸ್ಲೈಡನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಓಡಾಡಿ ಸವೆದಿದ್ದರೆ ಗೀರುಗಳು ಉದ್ದುದ್ದಕ್ಕೆ, ಮೇಲೆ ಕೆಳಗೆ ಬೀಳಬೇಕು. ಇಲ್ಲಿ ಸುತ್ತಲೂ ಉಂಗುರ ಉಂಗುರವಾಗಿ ಬಿದ್ದಿದ್ದವು. ಇದು ಸವೆದದ್ದಲ್ಲ, ಯಾರೋ ಕೈಯಾರೆ ತಿಕ್ಕಿದ್ದು. ತಂತಿ ಸಿಗಿಸುವ ಸಂದಿಯಲ್ಲಿ ಕೆಂಪು ಪುಡಿ ಇತ್ತು. ತುಕ್ಕೆನ್ನೋಣವೆಂದರೆ ಹಿತ್ತಾಳೆಗೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಬೆರಳ ನಡುವೆ ಹೊಸೆದರೆ ಗರಗರ ಎಂದಿತು.

ಪರಸಪ್ಪನೇ, ಅಂದುಕೊಂಡಳು. ಬಿಗಿಯಾಗಿದ್ದ ಹಳೆಯದನ್ನು ಉಜ್ಜಿ ತುರುಕಿದ್ದಾನೆ. ಅಂದಾನೆಪ್ಪನನ್ನು ಕರೆಯಲು ಎದ್ದಳು.

ಅತ್ತೆ ಗುರುಸಿದ್ದವ್ವ ಹಿತ್ತಲಿಂದ ಬಂದವಳು ಅಲ್ಲೇ ಕೂತಳು. "ಅಯ್ಯ, ಇದನ್ನ ಯಾಕ ಬಿಚ್ಚಿದಿ ಯವ್ವಾ?" ಎಂದು ಸ್ಲೈಡನ್ನು ಅಂಗೈಯಲ್ಲಿಟ್ಟುಕೊಂಡಳು. "ದಸರ್ಯಾಗ ಖಂಡೇಪೂಜಿ ದಿನ ಉಳವ್ಯಾ ತಂದು ದೇವರ ಜಗಲಿ ಮ್ಯಾಲ ಇಟ್ಟಿದ್ದ. ಇಡೀ ಗಾಡಿ ಒಳಗ ತರಾಕ ಆಗೂದಿಲ್ಲ, ಇದ ಅದರ ಜೀವ, ಇದಕ್ಕ ವಿಭೂತಿ ಹಚ್ಚು ಅಂದ. ಮಾಸಿದ್ದನ್ನ ದೇವರ ಮುಂದ ಇಡ್ತಾರೇನ? ಹುಣಸಿಹಣ್ಣು, ಇಟ್ಟಂಗಿ ಪುಡಿ ಹಚ್ಚಿ ಗಸಗಸ ತಿಕ್ಕಿದೆ. ಬಿಳೀದು ಸುಲದು ಒಳಗಿಂದು ಬಂಗಾರದಂಗ ಬಂತು."

ನೀಲಕ್ಕ ನಿಂತೇ ಇದ್ದಳು. "ಅವರೇನಂದ್ರು?"

"ನಕ್ಕ. ಯವ್ವಾ, ಇದನ್ನೇನು ಮದಿವಿ ಮಾಡಿ ಕಳಸ್ತೀಯೇನು ಅಂದ. ಹಂಗ ಒಯ್ದು ಕೂಡಿಸಿದ." ಸೆರಗಿನಿಂದ ಒರೆಸಿದಳು. "ಅವನ ಕೈ ಮುಟ್ಟಿದ್ದು. ಜಗಲಿ ಮ್ಯಾಲ ಇಡೂಣೇನ?"

"ಅದು ನಮ್ದಲ್ಲತ್ತಿ. ಪರಸಪ್ಪನ ಕಡಿಂದ ಕಡಾ ತಂದದ್ದು."

"ಹೌದಾ? ಹಂಗಾರ ಕೊಟ್ಟು ಬಾ. ಚೊಕ್ಕ ಮಾಡೇ ಕೊಟ್ಟಂಗಾತು."

ಗುರುಸಿದ್ದವ್ವ ಹಿತ್ತಲಿಗೆ ಹೋದ ಮೇಲೆ ಅಂದಾನೆಪ್ಪ ಅಂಗಿ ತೊಟ್ಟು ಹೊಸ್ತಿಲಿಗೆ ಬಂದ. "ಫೌಜದಾರರು ಊಟಕ್ಕ ಏಳೂದ್ರಾಗ ಹೋಗೂಣು."

"ಅರ್ಜಿ ಬ್ಯಾಡ."

"ಯಾಕ? ಏನ ಸಿಕ್ತು?"

"ಪರಸಪ್ಪಂದು ತಪ್ಪಿಲ್ಲ."

"ಮತ್ಯಾರದು?"

ಅವಳು ಕಟ್ಟೆಯ ಮೇಲಿನ ಅರಿವೆಯನ್ನು ಕೊಡವಿಕೊಂಡಳು. ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅಂವಾ ಬೆಳಿಗ್ಗೆ ನಿಮ್ಮ ಕೂಡ ಏನೇನು ಮಾತಾಡಿದ ವೈನಿ?" ಎಂದ. ಈ ಸಂಶಯ ಇನ್ನು ಮನೆಯಲ್ಲೇ ಇರುತ್ತದೆ, ತನ್ನ ಮೇಲೆ ಇರುತ್ತದೆ. ಅತ್ತೆಯ ಮೇಲೆ ಬೀಳುವುದಕ್ಕಿಂತ ಅದೇ ವಾಸಿ.

ಸಂದಿಯ ಪುಡಿಯನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು, ಸ್ಲೈಡನ್ನು ಅರಿವೆಯಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿನ ಹಿಂದಿನ ಅಂಗಡಿಗೆ ಹೋದಳು. ಪರಸಪ್ಪ ಬಿಚ್ಚಿ ನೋಡಿದ. ಮುಖ ಬಿಳಿಚಿತು.

"ಬಾಯಾರ, ನಾ ಕೊಟ್ಟಾಗ ಇದು ಹಿಂಗಿರಲಿಲ್ರಿ. ಪೂರಾ ಬೆಳ್ಳಗಿತ್ತು. ನಮ್ಮಪ್ಪನಾಣಿ."

"ಗೊತ್ತೈತಿ."

"ಹೆಂಗ ಗೊತ್ತು? ಯಾರರ ಏನರ ಹೇಳಿದ್ರೇನ್ರಿ?"

"ಯಾರೂ ಹೇಳಿಲ್ಲ. ಇದನ್ನ ರೇಂಜ್ ಸಾಹೇಬರ ಗಾಡಿಗೆ ಹಾಕಬ್ಯಾಡ್ರಿ. ಯಾರ ಗಾಡಿಗೂ ಹಾಕಬ್ಯಾಡ್ರಿ."

ಅವನು ಸಂಶಯದಿಂದ ಸ್ಲೈಡನ್ನೂ ಅವಳನ್ನೂ ನೋಡಿದ. ಬೆಳಗ್ಗೆ ಅವಳು ಅವನನ್ನು ನೋಡಿದ್ದೂ ಹಾಗೆಯೇ. ನೀಲಕ್ಕ ಖಾಲಿ ಅರಿವೆಯನ್ನು ಮಡಚಿಕೊಂಡಳು.