ರಕ್ಷಣೆಗೊಂದು ಹೆಬ್ಬೆಟ್ಟು

ಗೇರುಬೀಜ ಒಡೆದರೆ ಸಿಪ್ಪೆಯಿಂದ ಎಣ್ಣೆ ಸಿಡಿಯುತ್ತದೆ. ಅದು ಮೊದಲು ಬೆರಳನ್ನು ಕಪ್ಪು ಮಾಡುತ್ತದೆ, ಆಮೇಲೆ ಸುಡುತ್ತದೆ, ಕೊನೆಗೆ ಚರ್ಮವನ್ನೇ ಸುಲಿಯುತ್ತದೆ. ತೀರ್ಥಹಳ್ಳಿ ಕಡೆಯ ನಾಗೇಂದ್ರ ಸಾಹುಕಾರರ ಕಾರ್ಖಾನೆಯಲ್ಲಿ ಬೀಜ ಒಡೆಯುವ ಹೆಂಗಸರಿಗೆ ಬೆರಳಿನ ಗೆರೆಗಳೇ ಉಳಿದಿಲ್ಲ. ಕೈಗವಸು ಕೇಳಿದರೆ ಕೆಲಸ ನಿಧಾನವಾಗುತ್ತದಂತೆ. ಸಾಹುಕಾರರ ಕೈಗೆ ಮಾತ್ರ ದಿನಾ ಕ್ರೀಮು.

ಸಂಜೆ ಮೇಳಿಗೆ ಊರಿನ ಕಡೆಯವರು ಅಕೇಶಿಯಾ ತೋಪು ದಾಟಿ ಮನೆ ಸೇರಬೇಕು. ಅಲ್ಲಿ ಬೈಕಿನವರು ಅಡ್ಡಗಟ್ಟುತ್ತಾರೆಂದು ಜಗಳವಾಡಿ ಹೆಂಗಸರು ಒಂದು ವ್ಯಾನು ಹಾಕಿಸಿಕೊಂಡಿದ್ದರು. ಈ ವರ್ಷ ಸಾಹುಕಾರರು ಯಾವುದೋ ವಸ್ತುಪ್ರದರ್ಶನಕ್ಕೆ ಹೋಗಿ, ತಾನೇ ಹಾರಿ ತಾನೇ ದಾರಿ ಹುಡುಕುವ ಡ್ರೋನ್ ತಂದರು. ವ್ಯಾನು ಮಾರಿದರು.

ಉದ್ಘಾಟನೆಗೆ ಶಾಮಿಯಾನ ಎದ್ದಿತು. ಸಾಹುಕಾರರು ಮೂಗಿನಲ್ಲೇ ಭಾಷಣ ಹೊಡೆದರು. “ಮಹಿಳೆಯರ ಸೇಫ್ಟಿಯೇ ನಮ್ಮ ಉಸಿರು. ಕೊರಳಿನ ಈ ಬಟನ್ನಿಗೆ ಹೆಬ್ಬೆಟ್ಟು ಒತ್ತಿ, ಸಾಕು, ಗೆರೆ ನೋಡಿ ಗುರುತು ಹಿಡೀತದೆ. ಡ್ರೋನ್ ಬಂದು ತಲೆ ಮೇಲೆ ನಿಲ್ತದೆ, ಸೈರನ್ ಹೊಡೀತದೆ, ಫೋಟೋ ತೆಗೆದು ಸ್ಟೇಷನ್ನಿಗೆ ಕಳಿಸ್ತದೆ.” ಸಾಹುಕಾರರ ಸೊಸೆ ಒತ್ತಿ ತೋರಿಸಿದರು. ಡ್ರೋನ್ ಎದ್ದಿತು. ಚಪ್ಪಾಳೆ.

ಹೆಂಗಸರ ಹೆಬ್ಬೆಟ್ಟನ್ನು ಮಾತ್ರ ಮಷಿನ್ನು ತಗೊಳ್ಳಲಿಲ್ಲ. ರೇಷನ್ ಅಂಗಡಿಯಲ್ಲೂ ಇದೇ ಕಥೆ ಎಂದು ಹಿರಿಯಳಾದ ಯಮುನಮ್ಮ ಹೇಳಿ ನೋಡಿದಳು. ಫೋಟೋ ತೆಗೆಯುವ ಹೊತ್ತಾಗಿತ್ತು. ಆಮೇಲೆ ಸರಿಹೋಗ್ತದೆ ಎಂದು ಸೂಪರ್‌ವೈಸರ್ ಗಣೇಶ್ ಎಲ್ಲರ ಕೊರಳಿಗೂ ಬಟನ್ನು ತೂಗುಹಾಕಿದ, ದನಕ್ಕೆ ಗಂಟೆ ಕಟ್ಟಿದ ಹಾಗೆ.

ಮುಂದಿನ ವಾರವೇ ತೋಪಿನಲ್ಲಿ, ಬೀಜ ಒಡೆದು ಮನೆಗೆ ಹೊರಟಿದ್ದ ಯಶೋಧಾಳನ್ನು ಇಬ್ಬರು ಅಡ್ಡಗಟ್ಟಿದರು. ಅವಳು ಬಟನ್ನು ಒತ್ತಿದಳು. ಅದು ಬ್ಯಾಂಕಿನ ಹುಡುಗಿಯ ಹಾಗೆ ದನಿಯಲ್ಲಿ ಜೇನು ಸುರಿಸಿತು.

“ಕ್ಷಮಿಸಿ, ಗುರುತು ಸಿಗಲಿಲ್ಲ. ದಯವಿಟ್ಟು ಬೆರಳು ಒರೆಸಿ ಮತ್ತೆ ಪ್ರಯತ್ನಿಸಿ.”

ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. ಮತ್ತೆ ಕ್ಷಮೆ. ಅವರಿಬ್ಬರೂ ನಕ್ಕರು. ಬುತ್ತಿ ಡಬ್ಬಿಯಲ್ಲಿ ಒಬ್ಬನ ಮೂತಿಗೆ ಬಾರಿಸಿ, ಬಿದ್ದು, ಮಣಿಕಟ್ಟು ಮುರಿದುಕೊಂಡು ಓಡಿ ಬಂದಳು. ಡ್ರೋನ್ ಕಾರ್ಖಾನೆಯ ತಾರಸಿಯಲ್ಲಿ ಫುಲ್ ಚಾರ್ಜಾಗಿ ಕೂತೇ ಇತ್ತು. ಠಾಣೆಯಲ್ಲಿ, ಫೋಟೋ ಇಲ್ಲದೆ ಯಾರನ್ನು ಹುಡುಕುವುದು ಎಂದರು.

ಮರುದಿನ ಯಮುನಮ್ಮ ಹೋಗಿ ಕೇಳಿದ್ದಕ್ಕೆ ಸಾಹುಕಾರರು ಕಾರು ಹತ್ತುತ್ತಲೇ ಉತ್ತರ ಕೊಟ್ಟರು. “ಸೋಪು ಹಾಕಿ ಕೈ ತೊಳೆಯೋ ಅಭ್ಯಾಸ ಇಟ್ಕೊಳ್ಳಿ. ಮಷಿನ್ನಿಗೆ ಎಂತ ಗೊತ್ತು?”

“ಹೆಬ್ಬೆಟ್ಟು ತಿಂದಿದ್ದು ನಿಮ್ಮ ಬೀಜ ಕಣ್ರೀ, ಸಾಹುಕಾರ್ರೆ. ತೊಳೆದ್ರೆ ಚರ್ಮ ಹುಟ್ತದಾ?” ಎಂದಳು ಯಮುನಮ್ಮ.

ಬೀಜ ಒಡೆಯುವ ಸದ್ದು ನಿಂತಿತು. ಹೆಂಗಸರೆಲ್ಲ ಹೊರಗೆ ಬಂದು, ಬಟನ್ನುಗಳನ್ನು ಬಿಚ್ಚಿ ಕಾರಿನ ಬಾನೆಟ್ಟಿನ ಮೇಲೆ ಸುರಿದರು. ವ್ಯಾನು ಬರುವ ತನಕ ಏಳುವುದಿಲ್ಲ, ಗವಸು ಬರುವ ತನಕ ಬೀಜ ಮುಟ್ಟುವುದಿಲ್ಲ ಎಂದು ಕಾರಿನ ಸುತ್ತ ಕೂತರು. ಯಾರೂ ಕೈ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. ಅಷ್ಟಕ್ಕೇ ಸಾಹುಕಾರರು ಬೆವತರು. ಅಂಗಿಯೊಳಗಿನಿಂದ ತಮ್ಮದೇ ಬಟನ್ನು ತೆಗೆದು ಒತ್ತಿದರು.

ಮೊದಲನೇ ಸಲಕ್ಕೇ ಗುರುತು ಸಿಕ್ಕಿತು. ಡ್ರೋನ್ ಹಾರಿ ಬಂದು ಸಾಹುಕಾರರ ನೆತ್ತಿಯ ಮೇಲೆ ನಿಂತಿತು, ಸೈರನ್ ಹೊಡೆಯಿತು, ಕೂತವರ ಮುಖಗಳನ್ನು ಒಂದೊಂದಾಗಿ ಹಿಡಿದು ಠಾಣೆಗೆ ಕಳಿಸಿತು. ಜೀಪು ಬಂದೇ ಬಿಟ್ಟಿತು.

ಪೇದೆ ಇಳಿದವನೇ ಪೆನ್ನು ತೆಗೆದು, ಸುತ್ತುವರಿದವರು ಯಾರು ಯಾರು, ಹೆಸರು ಹೇಳಿ ಎಂದ.

ಯಶೋಧಾ ಬ್ಯಾಂಡೇಜಿನ ಕೈ ಹಿಡಿದುಕೊಂಡು ಮೊದಲು ತನ್ನ ಹೆಸರು ಹೇಳಿದಳು. ಯಮುನಮ್ಮ ಅವಳ ಪಕ್ಕಕ್ಕೆ ಸರಿದು ಕೂತು ಹೇಳಿದಳು.

“ನಮ್ಮೆಲ್ಲರದ್ದೂ ಬರ್ಕಳಿ ಸಾರ್. ಹೆಬ್ಬೆಟ್ಟು ಮಾತ್ರ ಒತ್ತು ಅನ್ಬೇಡಿ.”