ಓರಗಿತ್ತಿಯ ಬೆಡ್‌ಶೀಟು

ಫುಟ್‌ಪಾತಿನಲ್ಲಿ ಚಹಾ ಗಾಡಿ ನಿಲ್ಲಿಸಿದ್ದಕ್ಕೆ ಕೋರ್ಟು ಹಾಕಿದ ದಂಡವನ್ನು ನಾನೂ ಕಟ್ಟಲಿಲ್ಲ, ನನ್ನ ಓರಗಿತ್ತಿಯೂ ಕಟ್ಟಲಿಲ್ಲ. ಕಟ್ಟುವಷ್ಟಿದ್ದರೆ ಫುಟ್‌ಪಾತಿನಲ್ಲಿ ಯಾಕೆ ನಿಲ್ಲುತ್ತಿದ್ದೆವು? ತಲಾ ಮೂವತ್ತು ದಿನ ಜೈಲಾಯಿತು. ಅಲ್ಲಿ ದಿನಕ್ಕೆ ಇಪ್ಪತ್ತು ಬೆಡ್‌ಶೀಟು ಒಗೆದರೆ ಒಂದು ದಿನವನ್ನು ಎರಡೆಂದು ಹಿಡಿಯುತ್ತಾರೆ. ಒಂದರಲ್ಲಿ ಕಲೆ ಕಂಡರೂ ಆ ದಿನ ಬರೀ ಒಂದೇ. ಅಂತೂ ಹದಿನೈದು ದಿನಕ್ಕೆ ಇಬ್ಬರೂ ಒಟ್ಟಿಗೆ ಹೊರಬೀಳಬೇಕಿತ್ತು.

ಒಟ್ಟಿಗೆ! ಅದೇ ನನಗೆ ಬೇಡವಾಗಿತ್ತು.

ನನ್ನ ಮಗಳಿಗೆ ದಿನ ತುಂಬಿತ್ತು. ಹೆರಿಗೆ ಕೋಣೆಗೆ ಒಬ್ಬರನ್ನೇ ಬಿಡುತ್ತಾರಂತೆ. “ಅಮ್ಮ, ಚಿಕ್ಕಮ್ಮ ಯಾರ್ ಮೊದ್ಲು ಬರ್ತಾರೋ ಅವ್ರೇ ಇರ್ಲಿ” ಎಂದು ಗಂಡನ ಕೈಲಿ ಹೇಳಿಕಳಿಸಿದ್ದಳು. ಹೆತ್ತವಳೂ ಚಿಕ್ಕಮ್ಮನೂ ಅವಳಿಗೆ ಒಂದೇ! ನಾನು ಬೆಳಗಾದರೆ ಗಾಡಿ ತಳ್ಳಿಕೊಂಡು ಹೋಗುತ್ತಿದ್ದೆ. ಹುಡುಗಿಯ ಮದುವೆಯಾದ ಮೇಲಷ್ಟೇ ಗಾಡಿಗೆ ಬಂದ ಇವಳು ಅಲ್ಲಿಯವರೆಗೆ ಮನೆಯಲ್ಲಿ ಕೂತು ಅವಳಿಗೆ ಜಡೆ ಹಾಕಿದಳು, ಜ್ವರ ಬಂದರೆ ಮಡಿಲಲ್ಲಿ ಮಲಗಿಸಿಕೊಂಡಳು. ಹೆತ್ತವಳು ನಾನು, ಹೆಸರು ಅವಳಿಗೆ.

ಜೈಲಿನಲ್ಲೂ ಅದೇ ರಾಗ. “ನೋಡಮ್ಮ, ನಿನ್ ತಂಗಿ ಒಗ್ದಿರೋದು ಹೇಗಿದೆ” ಎಂದು ವಾರ್ಡನ್ ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವಳೋ ತನ್ನದು ಮುಗಿಸಿ, “ಕೊಡಿ ಅಕ್ಕ, ನಿಮ್ಗೆ ಸೊಂಟ ನೋವು” ಎಂದು ನನ್ನ ಬಕೆಟ್ಟಿಗೂ ಕೈ ಹಾಕುವಳು. ಬೈದಿದ್ದರೆ ವಾಸಿಯಿತ್ತು.

ಹದಿನೈದನೆಯ ದಿನವೂ ಅವಳು ನನ್ನ ಕೊನೆಯ ಎರಡನ್ನು ಹಿಂಡುತ್ತ ಕೂತಿದ್ದಳು. ನಾನು ಬಾಗಿಲಿನ ಕೀಲಿನಿಂದ ಕಪ್ಪು ಎಣ್ಣೆ ತೆಗೆದು, ತಂತಿಯ ಮೇಲೆ ಒಣಗುತ್ತಿದ್ದ ಅವಳ ಬೆಡ್‌ಶೀಟಿನ ಅಂಚಿಗೆ ಸವರಿದೆ. ಒಂದೇ ಬೆರಳು, ಒಂದೇ ಸಲ.

ಸಂಜೆ ವಾರ್ಡನ್ ಕಲೆ ನೋಡಿದಳು. “ನೀನು ನಾಳೆನೂ ಇರ್ಬೇಕು” ಎಂದಳು. ಓರಗಿತ್ತಿ ಆ ಬೆಡ್‌ಶೀಟನ್ನು ಮತ್ತೆ ಬಕೆಟ್ಟಿಗೆ ಹಾಕಿದಳು. ನಾನು ಗೇಟಿನತ್ತ ಹೊರಟಾಗ, “ಅಕ್ಕ, ನೋವು ಬಂದಾಗ ಅವ್ಳ ಬೆನ್ನು ನೀವ್ತಾ ಇರಿ” ಎಂದಳು ಅಷ್ಟೆ.

ನೆಟ್ಟಗೆ ಆಸ್ಪತ್ರೆಗೆ ಓಡಿದೆ. ಮಗಳು ಆಗಲೇ ನೋವು ತಿನ್ನುತ್ತಿದ್ದಳು. ನನ್ನನ್ನು ನೋಡಿ, ಆಮೇಲೆ ನನ್ನ ಹಿಂದಿನ ಬಾಗಿಲನ್ನು ನೋಡಿದಳು.

“ಚಿಕ್ಕಮ್ಮ ಎಲ್ಲಿ?”

“ಅವ್ಳು ಒಗ್ದಿದ್ರಲ್ಲಿ ಕಲೆ ಇತ್ತಂತೆ. ಇನ್ನೊಂದು ದಿನ ಇಟ್ಕೊಂಡ್ರು.”

ಅಷ್ಟು ನೋವಿನಲ್ಲೂ ಮಗಳು ನಕ್ಕುಬಿಟ್ಟಳು. “ಚಿಕ್ಕಮ್ಮ ಒಗ್ದಿದ್ರಲ್ಲಿ ಕಲೆನಾ? ಯಾರೋ ಹೊಟ್ಟೆಕಿಚ್ಚಿಗೆ ಬಳ್ದಿರ್ಬೇಕು ಕಣಮ್ಮ. ಅವ್ರ ಕೈ ಸೇದ್ಹೋಗ್ಲಿ!”

ಅಷ್ಟರಲ್ಲಿ ಮತ್ತೆ ನೋವು ಬಂತು. ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.