ಒಬ್ಬನೇ ಮಾಡಿದ ಹಾಡು

ಬೈಲಪ್ಪ ತುಟಿಯ ಮೇಲೆ ಬೆರಳಿಟ್ಟುಕೊಂಡು ಮಹಡಿಯ ಮೆಟ್ಟಿಲಿಳಿದು ಬಂದನೆಂದರೆ ಇಡೀ ವಠಾರ ಕೈಯಲ್ಲಿದ್ದ ಕೆಲಸವನ್ನು ಕೈಯಲ್ಲೇ ಹಿಡಿದು ನಿಲ್ಲಬೇಕು: ಕುಕ್ಕರಿನ ಉರಿ ಆರಿಸಬೇಕು, ಮೋಟಾರು ಬಂದ್ ಮಾಡಬೇಕು, ಅಳುವ ಮಗುವನ್ನೆತ್ತಿಕೊಂಡು ಬೀದಿಗೆ ಹೋಗಬೇಕು. ಅವನು ಗದರುವವನಲ್ಲ. ಕುತ್ತಿಗೆಯನ್ನು ತುಸು ಬಲಕ್ಕೆ ವಾಲಿಸಿ, ಹವಾಯಿ ಚಪ್ಪಲಿ ಸದ್ದಾಗದಂತೆ ತುದಿಗಾಲಲ್ಲಿ ನಡೆದು, "ಐದೇ ನಿಮಿಷ, ರೆಕಾರ್ಡಿಂಗು" ಎಂದು ಪಿಸುಗುಡುತ್ತಿದ್ದ. ಆ ಮೃದುತ್ವವೇ ಅವನ ಹೆಂಡತಿ ಗಂಗಲಕ್ಷ್ಮಮ್ಮನ ಮೈ ಉರಿಸುತ್ತಿದ್ದುದು. ಗದರಿದರೆ ತಿರುಗಿ ಗದರಬಹುದು. ಪಿಸುಮಾತಿನ ಜೊತೆ ಹೇಗೆ ಜಗಳವಾಡುವುದು?

ಮಹದೇವಪುರದಲ್ಲಿ ಅಪ್ಪನ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದ ಮೂಲೆಯಲ್ಲಿ ಈಗ ನಾಲ್ಕು ಬಾಡಿಗೆ ಮನೆ, ಮೇಲೆ ಇವರ ಮನೆ, ಅದರ ಮೇಲೆ ಬೈಲಪ್ಪನ ತಗಡಿನ ಕೋಣೆ. ಬಾಡಿಗೆ ವಸೂಲಿ, ಸಂಪು ತೊಳೆಸುವುದು, ಕಟ್ಟಿಕೊಂಡ ಮೋರಿ ಎಲ್ಲ ಗಂಗಲಕ್ಷ್ಮಮ್ಮನ ಪಾಲು. ಬೈಲಪ್ಪನ ಪಾಲಿಗೆ ಬಂದದ್ದು ಹರೆಯದಲ್ಲಿ ಹಲಸೂರಿನ ವಾದ್ಯಗೋಷ್ಠಿಯವರ ಹಿಂದೆ ಅಲೆದು ಕಲಿತ ಗಿಟಾರು. ತೊಂಬತ್ತರ ದಶಕವಿಡೀ ಕ್ಯಾಸೆಟ್ ಕಂಪನಿಗಳ ಮೆಟ್ಟಿಲು ಹತ್ತಿಳಿದ. ಯಾರೂ ಕೂತುಕೋ ಎನ್ನಲಿಲ್ಲ. ಆಮೇಲೆ, ಹೊಸ ಶತಮಾನ ಏಳೆಂಟು ವರ್ಷ ದಾಟುವಾಗ, ಮನೆಗೆ ಇಂಟರ್ನೆಟ್ಟು ಬಂತು. ಬೈಲಪ್ಪನಿಗೊಂದು ಸಿದ್ಧಾಂತ ಸಿಕ್ಕಿತು.

"ಇನ್ಮೇಲೆ ಕಂಪನಿ ಬೇಡ, ಸ್ಟುಡಿಯೋ ಬೇಡ, ಯಾರ ಕಾಲೂ ಹಿಡೀಬೇಕಾಗಿಲ್ಲ ಕಣೆ. ಒಬ್ನೇ ಕೂತ್ಕೊಂಡು ಹಾಡು ಮಾಡಿ ಪ್ರಪಂಚಕ್ಕೆ ಬಿಡಬಹುದು."

ಒಬ್ನೇ ಎನ್ನುವಾಗ ಎದೆ ಮುಂದೆ ಬರುತ್ತಿತ್ತು. ಬಲಗೈ ಅವಳು ತಂದ ಕಾಫಿ ಲೋಟಕ್ಕಾಗಿ ಗಾಳಿಯಲ್ಲಿ ತಡಕುತ್ತಿತ್ತು. ಹಾಡನ್ನು ಇಂಟರ್ನೆಟ್ಟಿಗೆ ಏರಿಸುವ ದಿನ ಪಂಚೆಯ ಮೇಲೆ ಮದುವೆಯ ಕೋಟು ತೊಡುತ್ತಿದ್ದ. ಅಲ್ಲಿ ಯಾರ್ರೀ ನೋಡ್ತಾರೆ ಎಂದರೆ, "ಒಂದು ಮರ್ಯಾದೆ ಬೇಡ್ವಾ?" ಎನ್ನುವನು. ಆ ಕೋಟಿಗೆ ಇಸ್ತ್ರಿ ಹಾಕುವ ಕೈ ಯಾವ ಸಿದ್ಧಾಂತದೊಳಗೂ ಬರಲಿಲ್ಲ.

ತೊಂದರೆಯೆಲ್ಲ ಬೆಳಗಿನದು. ರಿಂಗ್ ರೋಡಿನ ಗದ್ದಲ ಶುರುವಾಗುವ ಮೊದಲು ಮಾತ್ರ ರೆಕಾರ್ಡಿಂಗ್ ಸಾಧ್ಯ. ನಲ್ಲಿಯಲ್ಲಿ ನೀರು ಬರುವುದೂ ಆಗಲೇ. ಕೆಳಗಿನ ಕೊನೆಯ ಮನೆಯ ಹುಸೇನಮ್ಮ, ರಾಯಚೂರು ಕಡೆಯವಳು, ಟೆಕ್ ಪಾರ್ಕಿಗೆ ಕಸ ಗುಡಿಸಲು ಹೋಗುವ ಮುನ್ನ ಮನೆಮಂದಿಯ ಬಟ್ಟೆಯೆಲ್ಲ ಒಗೆದು ಹಾಕಬೇಕಿತ್ತು. ಗೇಟಿಗೆ ತಡವಾದರೆ ಆ ದಿನದ ಹಾಜರಿ ಇಲ್ಲ.

"ಅಕ್ಕಾ, ಅಣ್ಣಾರ ಹಾಡು ಮುಗಿಯೂತನಾ ನೀರು ನಿಂದ್ರತದೇನ್ರೀ? ಹಿಂಗಾದ್ರ ನಾವು ಬ್ಯಾರೆ ಮನಿ ನೋಡ್ಕೊಂತೀವಿ."

ಗಂಗಲಕ್ಷ್ಮಮ್ಮನಿಗೆ ಬಾಡಿಗೆಯ ಚಿಂತೆಯಿರಲಿಲ್ಲ. ಬಾಡಿಗೆಗೆ ಇನ್ನೊಬ್ಬರು ನಾಳೆಯೇ ಬರುತ್ತಾರೆ. ಆದರೆ ಸಂಜೆ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತ ಅವಳ ಮಾತನ್ನು ಕೊನೆಯವರೆಗೂ ಕೇಳುವವಳು ಆ ವಠಾರದಲ್ಲಿ ಹುಸೇನಮ್ಮ ಮಾತ್ರ. ಒಂದು ಬೆಳಗ್ಗೆ, ಗಂಡನ ಬೆರಳು ತುಟಿಗೇರಿದ್ದಾಗಲೇ, "ನೀನು ಒಗಿ ಹುಸೇನಮ್ಮ, ನಾನಿದ್ದೀನಿ" ಎಂದುಬಿಟ್ಟಳು.

ಹುಸೇನಮ್ಮ ಒಗೆದಳು. ಕಲ್ಲಿಗೆ ಬಟ್ಟೆ ಬಡಿದ ಸದ್ದು ಹಾಡಿನುದ್ದಕ್ಕೂ ಸೇರಿಹೋಯಿತು. ಬೈಲಪ್ಪ ಮಾತು ಬಿಟ್ಟ. ಆದರೂ ಮತ್ತೆ ಹಾಡಲು ಸೋಮಾರಿತನವಾಗಿ ಅದನ್ನೇ ಏರಿಸಿದ. ಅವನ ಹಾಡುಗಳಲ್ಲಿ ಓಡಿದ್ದು ಅದೊಂದೇ. ಎಲ್ಲೆಲ್ಲಿಂದಲೋ ಜನ ಮೆಚ್ಚಿ ಬರೆದರು. ಬ್ರೆಜಿಲಿನವನೊಬ್ಬ, ಆ ತಾಳವಾದ್ಯ ಯಾವುದು, ನುಡಿಸಿದವರು ಯಾರು ಎಂದು ಕೇಳಿದ. ಬೈಲಪ್ಪ ಕೊಟ್ಟ ಉತ್ತರವನ್ನು ಗಂಗಲಕ್ಷ್ಮಮ್ಮ ಪರದೆಯ ಮೇಲೆ ಅಕ್ಷರಕ್ಕಕ್ಷರ ಕೂಡಿಸಿ ಓದಿದಳು: ನಮ್ಮ ಕಡೆಯ ಹಳೆಯ ಜನಪದ ವಾದ್ಯ, ಎಲ್ಲವನ್ನೂ ನುಡಿಸಿದ್ದು ನಾನೊಬ್ಬನೇ.

"ರೀ, ನೀವು ಯಾವತ್ತು ಬಟ್ಟೆ ಒಗೆದ್ರಿ?"

"ಅದು ಬರೀ ಸೌಂಡು ಕಣೆ. ಸೌಂಡಿಗೆಲ್ಲ ಯಾರಾದ್ರೂ ಹೆಸರು ಹಾಕ್ತಾರಾ?"

"ನಿಮ್ದೂ ಸೌಂಡೇ ಅಲ್ವಾ? ಅಷ್ಟು ದಪ್ಪಕ್ಷರದಲ್ಲಿ ಹಾಕ್ಕೊಂಡಿದ್ದೀರಲ್ಲ!"

ಅಂದಿನಿಂದ ಒಗೆಯುವ ಕಲ್ಲಿನ ಪಕ್ಕ ಮೈಕು ಬಂತು. "ಸ್ವಲ್ಪ ನಿಧಾನ ಹುಸೇನಮ್ಮ. ಎರಡು ಬಡಿ, ಒಂದು ಬಿಡು." ಅವಳು ಎರಡು ಬಡಿದಳು, ಒಂದು ಬಿಟ್ಟಳು. "ಇನ್ನೊಂದ್ಸಲ." ಬಟ್ಟೆ ಮುಗಿದವು. "ಒಗೆದಿರೋದನ್ನೇ ಮತ್ತೆ ಒಗಿಯಮ್ಮ."

"ನಿಮ್ಮ ಹಾಡಿಗೆ ನಮ್ಮ ಅರಿವಿ ಹರಿತಾವ್ರೀ ಅಣ್ಣಾ!" ಎಂದು ಮೊದಲ ದಿನ ನಕ್ಕಳು. ವಾರ ಕಳೆಯುವಷ್ಟರಲ್ಲಿ ನಗು ನಿಂತಿತು. ತಡವಾಗಿ ಹೋಗಿ ಹೋಗಿ ಗೇಟಿನಿಂದಲೇ ವಾಪಸು ಬರುವಂತಾಗಿತ್ತು. ಭಾನುವಾರ ಟೆಂಪೋ ಬಂದು ನಿಂತಿತು. ಕೆ.ಆರ್. ಪುರದಲ್ಲಿ ಮನೆ ಸಿಕ್ಕಿತ್ತು.

"ನೀವೇನೂ ಮಾಡಿಲ್ಲ ಬಿಡ್ರೀ ಅಕ್ಕಾ," ಎಂದು ಹುಸೇನಮ್ಮ ಕೈ ಹಿಡಿದಳು. ಸಮಾಧಾನಕ್ಕೆ ಆಡಿದ ಆ ಮಾತೇ ಗಂಗಲಕ್ಷ್ಮಮ್ಮನನ್ನು ಇಡೀ ದಿನ ಚುಚ್ಚಿತು.

ಮರುದಿನ ಬೆಳಗ್ಗೆ ಬೈಲಪ್ಪ ಮೈಕು ಹಿಡಿದು ಒಣಗಿದ ಕಲ್ಲಿನ ಮುಂದೆ ನಿಂತಿದ್ದ. "ಗಂಗಾ, ನೀನಾದ್ರೂ ಬಂದು ಒಂಚೂರು ಒಗೆಯೇ."

ಅವಳು ಅವನ ಅಂಗಿಗಳ ಬಕೆಟ್ಟು ತಂದು ಅವನ ಕಾಲ ಬಳಿ ಕುಕ್ಕಿದಳು. "ಎಲ್ಲಾ ನುಡಿಸಿದ್ದು ನೀವೊಬ್ರೇ ಅಲ್ವಾ? ನುಡಿಸಿ."

ಎರಡು ಅಂಗಿ ಬಡಿಯುವಷ್ಟರಲ್ಲಿ ಲಯ ತಪ್ಪಿತು, ಸೊಂಟ ಹಿಡಿಯಿತು. ಮೂರನೆಯದನ್ನು ನೊರೆಯಲ್ಲೇ ಬಿಟ್ಟು, ಹೊಸ ಹಾಡು ತಡವಾಗುತ್ತದೆಂದು ಬ್ರೆಜಿಲಿನವನಿಗೆ ಬರೆಯಲು ಮೇಲೆ ಹೋದ. ಗಂಗಲಕ್ಷ್ಮಮ್ಮ ಅದನ್ನು ಮುಟ್ಟಲಿಲ್ಲ.

ಇಂಥವರು ಕೆಟ್ಟವರೇನಲ್ಲ, ಕುಡಿಯುವುದಿಲ್ಲ, ಕೈಯೆತ್ತುವುದಿಲ್ಲ, ಆದ್ದರಿಂದಲೇ ಊರೆಲ್ಲ ಇವರನ್ನು ಪಾಪ ಎನ್ನುತ್ತದೆ. ದೊಡ್ಡವರು ತಮ್ಮನ್ನು ಬಾಗಿಲಲ್ಲಿ ನಿಲ್ಲಿಸಿದ್ದನ್ನು ಇವರು ಸಾಯುವವರೆಗೂ ಮರೆಯರು. ತಾವು ಯಾರನ್ನು ನಿಲ್ಲಿಸಿದ್ದೇವೆ ಎಂಬುದು ಮಾತ್ರ ಇವರಿಗೆ ಕಾಣುವುದಿಲ್ಲ. ನೊರೆಯಲ್ಲಿ ಬಿಟ್ಟುಹೋದ ಅಂಗಿಯನ್ನು ಯಾರೋ ಹಿಂಡಿ ಹರವಿಯೇ ಹರವುತ್ತಾರೆ ಎಂಬ ನಂಬಿಕೆಯ ಮೇಲೆ ಇವರ ಸ್ವಾತಂತ್ರ್ಯವೆಲ್ಲ ನಿಂತಿರುತ್ತದೆ.